ಜನರೇಟರ್ ಎಂಜಿನ್‌ನ ಪ್ಲಗ್ ಬೇಗ ಹೋಗುವುದೇಕೆ?

ಐವತ್ತು ಹರ್ಟ್ಸ್ ಕರೆಂಟ್ ಕೊಡುವ ದೊಡ್ಡ ಗ್ಯಾಸ್ ಜನರೇಟರ್ ಹೆಚ್ಚಾಗಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಎರಡು ಸುತ್ತಿಗೊಂದು ಕಿಡಿ. ಲೆಕ್ಕ ಹಾಕಿದರೆ ಒಂದೊಂದು ಪ್ಲಗ್ಗೂ ಗಂಟೆಗೆ 45,000 ಸಲ, ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಲ, ಸಾವಿರ ಗಂಟೆಯಲ್ಲಿ ನಾಲ್ಕೂವರೆ ಕೋಟಿ ಸಲ ಕಿಡಿ ಹಾರಿಸಿರುತ್ತದೆ. "ಕಾರಿನ ಪ್ಲಗ್ ಲಕ್ಷ ಕಿಲೋಮೀಟರ್ ಬರುತ್ತೆ, ಇದು ನಾಲ್ಕು ತಿಂಗಳಿಗೇ ಹೋಯ್ತಲ್ಲ" ಎಂಬ ದೂರು ಎಂಜಿನ್ ರೂಮುಗಳಲ್ಲಿ ಹೊಸದಲ್ಲ. ಆದರೆ ಗಂಟೆಗೆ ಸರಾಸರಿ 40 ಕಿ.ಮೀ. ಓಡುವ ಕಾರಿಗೆ ಲಕ್ಷ ಕಿಲೋಮೀಟರ್ ಎಂದರೆ 2500 ಗಂಟೆಯ ಕೆಲಸ. ಹಗಲು ರಾತ್ರಿ ನಿಲ್ಲದೆ ಓಡುವ ಜನರೇಟರ್ ಅಷ್ಟನ್ನು ಮೂರೂವರೆ ತಿಂಗಳಲ್ಲಿ ಮುಗಿಸುತ್ತದೆ, ಅದೂ ಬಹುಪಾಲು ಭಾರೀ ಲೋಡಿನಲ್ಲಿ. ನಾಲ್ಕು ತಿಂಗಳು ಬಾಳಿದ ಆ ಪ್ಲಗ್ ತನ್ನ ಆಯುಸ್ಸನ್ನು ಪೂರ್ತಿ ದುಡಿದೇ ಹೋಗಿರಬಹುದು.

ಆದ್ದರಿಂದ 'ಬೇಗ' ಎಂಬ ಮಾತನ್ನು ಓಡಿದ ಗಂಟೆಯ ಲೆಕ್ಕದಲ್ಲೇ ಆಡಬೇಕು. ಗ್ಯಾಸ್ ಎಂಜಿನ್‌ನಲ್ಲಿ ಸಾಧಾರಣ ನಿಕಲ್ ಪ್ಲಗ್‌ನಿಂದ ಸಾವಿರ ಗಂಟೆಯ ಆಸುಪಾಸು, ಇರಿಡಿಯಂ ಅಥವಾ ಪ್ಲಾಟಿನಂ ತುದಿಯ ಪ್ಲಗ್‌ನಿಂದ ಕೆಲವು ಸಾವಿರ ಗಂಟೆ ನಿರೀಕ್ಷಿಸುವುದು ನ್ಯಾಯ. ಇನ್ನೂರು, ಮುನ್ನೂರು ಗಂಟೆಗೇ ಪ್ಲಗ್ ಸತ್ತರೆ, ಒಂದೇ ಸಿಲಿಂಡರಿನ ಕಾಯಿಲ್ ಮತ್ತೆ ಮತ್ತೆ ಹೋದರೆ, ಆಗ ಪ್ರಶ್ನೆ ಕೇಳಬೇಕಾಗುತ್ತದೆ. ಇಂಥ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ದೃಢವಾಗಿ ಕಾಣುವುದು ಒಂದೇ ಸಂಗತಿ. ಕಿಡಿ ಹಾರಿಸುವ ಭಾಗ ಕೆಡುವುದಕ್ಕೆ ಕಾರಣ ಬಹಳ ಸಲ ಆ ಭಾಗದ ಹೊರಗೇ ಇರುತ್ತದೆ. ಗ್ಯಾಸಿನಲ್ಲಿ, ಎಣ್ಣೆಯಲ್ಲಿ, ಕೂರಿಸಿದ ಬಿಗಿಯಲ್ಲಿ, ಹೊರಿಸಿದ ಲೋಡಿನಲ್ಲಿ ಅದು ಅಡಗಿರುತ್ತದೆ. ಭಾಗವನ್ನಷ್ಟೇ ಬದಲಿಸಿ ಕಾರಣವನ್ನು ಹಾಗೇ ಬಿಟ್ಟ ಕಡೆ ಹೊಸ ಭಾಗವೂ ಅದೇ ದಾರಿ ಹಿಡಿಯುತ್ತದೆ.

ಈ ತೊಂದರೆಗೆ ಎಂಜಿನ್‌ನಷ್ಟೇ ವಯಸ್ಸು. 1860ರಲ್ಲಿ ಲೆನ್ವಾರ್ ಪ್ಯಾರಿಸ್ಸಿನಲ್ಲಿ ತಯಾರಿಸಿದ ಗ್ಯಾಸ್ ಎಂಜಿನ್ ವಿದ್ಯುತ್ ಕಿಡಿಯಿಂದಲೇ ಓಡುತ್ತಿತ್ತು. 1876ರಲ್ಲಿ ನಾಲ್ಕು ಸ್ಟ್ರೋಕಿನ ಎಂಜಿನ್ ತಂದ ಆಟೋ ಎಂಬಾತ ಕಿಡಿಯನ್ನು ಬಿಟ್ಟು, ಪುಟ್ಟ ಜ್ವಾಲೆಯಿಂದ ಗ್ಯಾಸ್ ಹೊತ್ತಿಸುವ ದಾರಿ ಹಿಡಿದ. ರಾಬರ್ಟ್ ಬಾಷ್ 1887ರಲ್ಲಿ ತನ್ನ ಮೊದಲ ಮ್ಯಾಗ್ನೆಟೋ ಮಾಡಿಕೊಟ್ಟದ್ದು ಮೋಟಾರು ಗಾಡಿಗಲ್ಲ, ನಿಂತಲ್ಲೇ ದುಡಿಯುವ ಗ್ಯಾಸ್ ಎಂಜಿನ್‌ಗೆ. 1902ರಲ್ಲಿ ಅವನ ಎಂಜಿನಿಯರ್ ಗಾಟ್ಲೋಬ್ ಹೊನಾಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೋವನ್ನೂ ಪ್ಲಗ್ಗನ್ನೂ ಜೋಡಿಯಾಗಿ ರೂಪಿಸಿದ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಮೂಲಕ ಬಾಷ್‌ನ ಇದೇ ಪರಂಪರೆ ನಮ್ಮ ಗ್ಯಾರೇಜುಗಳಿಗೆ ಬಂತು. ಒಂದು ತಲೆಮಾರಿನ ಮೆಕ್ಯಾನಿಕ್‌ಗಳಿಗೆ ಪ್ಲಗ್ ಎಂದರೆ ಮೈಕೋ ಪ್ಲಗ್ಗೇ.

ಡೀಸೆಲ್ ಜನರೇಟರ್‌ಗೆ ಕಿಡಿ ಬೇಡ. ಡೀಸೆಲ್ ಜತೆ ಗ್ಯಾಸ್ ಬೆರೆಸಿ ಓಡಿಸುವ ಡ್ಯುಯಲ್ ಫ್ಯೂಯೆಲ್ ಎಂಜಿನ್‌ಗಳಲ್ಲೂ ಹೊತ್ತಿಸುವ ಕೆಲಸ ಡೀಸೆಲ್‌ನದೇ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಕಟ್ಟಿಗೆಯ ಗ್ಯಾಸಿನಿಂದ ಊರಿಗೆ ದೀಪ ಕೊಟ್ಟದ್ದು ಈ ಬಗೆಯ ಎಂಜಿನ್‌ನಿಂದ. ಮುಂದೆ ಅದೇ ಜಿಲ್ಲೆಯ ಕಬ್ಬಿಗೆರೆಯಲ್ಲಿ ಪೂರ್ತಿ ಗ್ಯಾಸಿನ ಮೇಲೆ ಓಡುವ ಎಂಜಿನ್‌ಗಳು ಬಂದಾಗ ಪ್ಲಗ್ಗು, ಕಾಯಿಲ್‌ಗಳ ನಿರ್ವಹಣೆಯೂ ಹಳ್ಳಿಗೆ ಬಂತು. ದಾಭೋಲ್–ಬೆಂಗಳೂರು ಕೊಳವೆ ಮಾರ್ಗದಿಂದ ನೈಸರ್ಗಿಕ ಅನಿಲ ಸಿಗತೊಡಗಿದೆ. ಜನರೇಟರ್ ಹೊಗೆಯ ಮೇಲಿನ ಸಿಪಿಸಿಬಿ 4+ ನಿಯಮಗಳು 2023ರ ಜುಲೈನಿಂದ ಜಾರಿಯಲ್ಲಿವೆ. ಗ್ಯಾಸ್ ಎಂಜಿನ್‌ಗಳು ಹೆಚ್ಚಿದಂತೆಲ್ಲ, ಡೀಸೆಲ್‌ನಲ್ಲಿ ಕೈ ಪಳಗಿಸಿಕೊಂಡ ಫಿಟ್ಟರ್‌ಗಳು ಕಿಡಿಯ ವಿದ್ಯೆಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಆ ವಿದ್ಯೆಯ ನಡುಗಂಬ ಒಂದೇ: ಗ್ಯಾಪ್ ದಾಟಲು ಕಿಡಿಗೆ ಎಷ್ಟು ವೋಲ್ಟೇಜ್ ಬೇಕು ಎಂಬ ಪ್ರಶ್ನೆ. ಫ್ರೀಡ್ರಿಕ್ ಪಾಶೆನ್ 1889ರಲ್ಲೇ ಇದರ ನಿಯಮ ಹೇಳಿದ. ಬೇಕಾಗುವ ವೋಲ್ಟೇಜ್ ನಿಲ್ಲುವುದು ಅನಿಲದ ಒತ್ತಡ ಮತ್ತು ಎರಡು ತುದಿಗಳ ಅಂತರ ಇವೆರಡರ ಗುಣಲಬ್ಧದ ಮೇಲೆ. ಟರ್ಬೊ ಹಾಕಿದ ಗ್ಯಾಸ್ ಎಂಜಿನ್‌ನಲ್ಲಿ ಕಿಡಿ ಹಾರುವ ಹೊತ್ತಿಗೆ ಒಳಗಿನ ಒತ್ತಡ ಕಾರಿನದಕ್ಕಿಂತ ಬಹಳ ಹೆಚ್ಚು. ಅದಕ್ಕೇ ಕಾರಿನ ಪ್ಲಗ್ ಗ್ಯಾಪ್ ಮುಕ್ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಇದ್ದರೆ, ಇಲ್ಲಿ ಹೆಚ್ಚಾಗಿ 0.25ರಿಂದ 0.4 ಮಿ.ಮೀ. ಇಡುತ್ತಾರೆ. ಪ್ರತಿ ಕಿಡಿಯೂ ತುದಿಯ ಲೋಹವನ್ನು ಕಣಕಣವಾಗಿ ಕಿತ್ತೊಯ್ಯುತ್ತದೆ. ನಿಕಲ್ 1455 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಪ್ಲಾಟಿನಂ 1768ಕ್ಕೆ, ಇರಿಡಿಯಂ 2446ಕ್ಕೆ ಕರಗುತ್ತದೆ. ಪ್ಲಗ್‌ಗಳ ಆಯುಸ್ಸಿನ ವ್ಯತ್ಯಾಸಕ್ಕೆ ಇದೂ ಒಂದು ಕಾರಣ. ಲೋಹ ಸವೆದಂತೆ ಗ್ಯಾಪ್ ಅಗಲವಾಗುತ್ತದೆ, ಬೇಕಾಗುವ ವೋಲ್ಟೇಜ್ ಏರುತ್ತದೆ. ಮೂವತ್ತು ಸಾವಿರ ವೋಲ್ಟ್ ದಾಟುವ ಹೊತ್ತಿಗೆ ಕಿಡಿ ಗ್ಯಾಪ್ ಬಿಟ್ಟು ಬೇರೆ ಸುಲಭ ದಾರಿ ಹುಡುಕುತ್ತದೆ. ಪ್ಲಗ್ಗಿನ ಪಿಂಗಾಣಿಯ ಮೇಲಿಂದ, ಕ್ಯಾಪಿನ ರಬ್ಬರ್ ತೂರಿ, ಇಲ್ಲವೇ ಕಾಯಿಲಿನ ಒಳಗಿನ ಇನ್ಸುಲೇಷನ್ ಸೀಳಿ ಎಂಜಿನ್ ಬಾಡಿಗೆ ಇಳಿಯುತ್ತದೆ.

ಇಲ್ಲಿ ಪ್ಲಗ್ಗು, ವೈರು, ಕಾಯಿಲ್ ಒಂದೇ ಸರಪಳಿಯ ಕೊಂಡಿಗಳು ಎಂಬುದು ಸ್ಪಷ್ಟವಾಗುತ್ತದೆ. ಸವೆದ ಪ್ಲಗ್ಗನ್ನು ಇನ್ನೂ ಸ್ವಲ್ಪ ದಿನ ಓಡಲಿ ಎಂದು ಬಿಟ್ಟರೆ ಅದು ಕಾಯಿಲನ್ನು ಕೊಲ್ಲುತ್ತದೆ. ಸುರುಳಿಯ ಎರಡು ಸುತ್ತುಗಳ ನಡುವೆ ಇನ್ಸುಲೇಷನ್ ತೂತಾದ ಕಾಯಿಲ್, ಮಲ್ಟಿಮೀಟರಿನ ಒಂಬತ್ತು ವೋಲ್ಟ್ ಬ್ಯಾಟರಿಗೆ ಸರಿಯಾಗಿಯೇ ಓಮ್ಸ್ ತೋರಿಸುತ್ತದೆ. ಸಾವಿರಾರು ವೋಲ್ಟಿನಲ್ಲಿ ಮಾತ್ರ ಶಾರ್ಟ್ ಆಗುತ್ತದೆ. "ಕಾಯಿಲ್ ಚೆಕ್ ಮಾಡಿದೆ, ಒಳ್ಳೆಯದಿದೆ" ಎಂದು ಬಿಟ್ಟು ಹೊಸ ಪ್ಲಗ್ ಹಾಕಿದಾಗ ಸಣ್ಣ ಗ್ಯಾಪಿನ ಕಾರಣ ಎಂಜಿನ್ ಕೆಲವು ದಿನ ಸರಿಯಾಗಿ ಓಡುತ್ತದೆ. ಗ್ಯಾಪ್ ಸ್ವಲ್ಪ ಸವೆದ ಕೂಡಲೇ ಮತ್ತೆ ಮಿಸ್ ಹೊಡೆಯುತ್ತದೆ. ಆಗ ಬೈಗುಳ ತಿನ್ನುವುದು ಹೊಸ ಪ್ಲಗ್. ಓಮ್ಸ್ ಪರೀಕ್ಷೆಯಲ್ಲಿ ನಪಾಸಾದ ಕಾಯಿಲ್ ಖಂಡಿತ ಕೆಟ್ಟಿದೆ. ಪಾಸಾದದ್ದು ಒಳ್ಳೆಯದೆನ್ನಲು ಅದಷ್ಟೇ ಸಾಲದು.

ವೋಲ್ಟೇಜ್ ಏರಿಸುವ ಹೊರಗಿನ ಕೈಗಳು ಹಲವು. ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಿಸಿ ಓಡಿಸುವ ಲೀನ್ ಬರ್ನ್ ಎಂಜಿನ್‌ಗಳಲ್ಲಿ ಬೇಡಿಕೆ ಮೊದಲೇ ಹೆಚ್ಚು. ಮಿಶ್ರಣ ಇನ್ನೂ ತೆಳುವಾದರೆ ಕಿಡಿ ಬಿದ್ದರೂ ಉರಿ ಹತ್ತುವುದಿಲ್ಲ. ಟೈಮಿಂಗ್ ತಡವಾದರೆ ಪಿಸ್ಟನ್ ಮೇಲೇರಿ ಒತ್ತಡ ಹೆಚ್ಚಿದ ಮೇಲೆ ಕಿಡಿ ಹಾರಬೇಕಾಗುತ್ತದೆ. ತುಂಬ ಮುಂದಾದರೆ ಎಂಜಿನ್ ನಾಕ್ ಹೊಡೆದು ಪಿಂಗಾಣಿ ಬಿರಿಯುತ್ತದೆ. ಕಾಯಿಲಿನ ಪ್ರೈಮರಿ ತಂತಿಗಳನ್ನು ಅದಲುಬದಲು ಜೋಡಿಸಿದರೆ ಕಿಡಿಯ ಧ್ರುವ ತಿರುಗುತ್ತದೆ. ಬಿಸಿಯಾದ ನಡುವಿನ ತುದಿ ಋಣವಾಗಿದ್ದಾಗ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ. ತಿರುಗಿದರೆ ಹೆಚ್ಚು ವೋಲ್ಟೇಜ್ ಬೇಕು. ಬಿಚ್ಚಿದ ಪ್ಲಗ್‌ನಲ್ಲಿ ನಡುವಿನ ತುದಿಗಿಂತ ಬಾಡಿಯ ಕಡೆಯ ತುದಿಯೇ ಹೆಚ್ಚು ಸವೆದಿದ್ದರೆ ಮೊದಲು ಈ ಜೋಡಣೆಯನ್ನೇ ನೋಡಬೇಕು.

ಹಾಗಾದರೆ ಕಿಡಿಯ ಶಕ್ತಿ ಹೆಚ್ಚಿಸಿದರಾಯಿತಲ್ಲ? ಹೊಸ ಇಗ್ನಿಷನ್ ಪೆಟ್ಟಿಗೆಗಳಲ್ಲಿ ಇದು ಕೈಗೆಟಕುವ ಉಪಾಯ. ಮಿಸ್ ಹೊಡೆಯುವುದು ಅಂದಿಗೆ ನಿಲ್ಲುತ್ತದೆ ಕೂಡ. ಆದರೆ ಶಕ್ತಿ ಹೆಚ್ಚಾದಷ್ಟೂ ಲೋಹ ಸವೆಯುವುದೂ ಹೆಚ್ಚು. ಆದ್ದರಿಂದ ಈ ಉಪಾಯವನ್ನು ನಾನು ಒಪ್ಪುವುದಿಲ್ಲ. ಉರಿ ಸ್ಥಿರವಾಗಿ ಹತ್ತಲು ಬೇಕಾದಷ್ಟೇ ಕೊಟ್ಟು, ಪ್ಲಗ್ ಹಳತಾದಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದೇ ಸರಿ. ಹೊಸ ಪ್ಲಗ್ ಹಾಕಿದ ದಿನವೇ ಪೂರ್ತಿ ಶಕ್ತಿ ಬಿಟ್ಟರೆ ಆ ಪ್ಲಗ್ಗಿನ ಆಯುಸ್ಸನ್ನು ನಾವೇ ಕತ್ತರಿಸಿದಂತೆ.

ಈಗ ಗ್ಯಾಸಿಗೆ ಬರೋಣ. ಈ ಇಡೀ ಸಮಸ್ಯೆಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಜಾಗ ಇದು. ಗ್ಯಾಸ್ ಎಂಬ ಒಂದೇ ಹೆಸರಿನಲ್ಲಿ ಬರುವ ಇಂಧನಗಳು ಒಂದೇ ಗುಣದವಲ್ಲ. ನಗರದ ಕೊಳಚೆ ಶುದ್ಧೀಕರಣ ಘಟಕದ ಗ್ಯಾಸಿನಲ್ಲಿ ಸಿಲಾಕ್ಸೇನ್ ಎಂಬ ಸಿಲಿಕಾನ್ ಸಂಯುಕ್ತಗಳಿರುತ್ತವೆ. ನಾವು ತಲೆಗೆ ಹಾಕುವ ಶಾಂಪೂ, ಮೈಗೆ ಹಚ್ಚುವ ಕ್ರೀಮುಗಳಿಂದ ಚರಂಡಿ ಸೇರಿ ಬಂದ ವಸ್ತು ಅದು. ಎಂಜಿನ್ ಒಳಗೆ ಉರಿದಾಗ ಸಿಲಿಕಾ ಆಗಿ ಪ್ಲಗ್ ತುದಿ, ವಾಲ್ವ್, ಪಿಸ್ಟನ್ ತಲೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತದೆ. ಈ ಪದರ ಗ್ಯಾಪನ್ನು ಮುಚ್ಚಬಹುದು, ಕಾದು ಕೆಂಡವಾಗಿ ಕಿಡಿಗೆ ಮೊದಲೇ ಗ್ಯಾಸ್ ಹೊತ್ತಿಸಬಹುದು. ಇದಕ್ಕೆ ಪ್ಲಗ್ಗಿನ ಬ್ರ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ. ಗ್ಯಾಸನ್ನು ತಣಿಸಿ ನೀರು ತೆಗೆದು, ಸಕ್ರಿಯ ಇಂಗಾಲದ ಫಿಲ್ಟರ್ ಮೂಲಕ ಬಿಡಬೇಕು, ಆ ಇಂಗಾಲವನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಇಂಗಾಲ ತುಂಬಿಹೋದ ಮೇಲೆ ಫಿಲ್ಟರ್ ಇದ್ದೂ ಇಲ್ಲದಂತೆ.

ಬೆಳಗಾವಿ, ಬಾಗಲಕೋಟೆ, ಮಂಡ್ಯದಂಥ ಕಬ್ಬಿನ ಸೀಮೆಗಳಲ್ಲಿ ಮೊಲಾಸಿಸ್‌ನಿಂದ ಸ್ಪಿರಿಟ್ ತೆಗೆಯುವ ಡಿಸ್ಟಿಲರಿಗಳದು ಬೇರೆ ಕತೆ. ಅವುಗಳ ಸ್ಪೆಂಟ್ ವಾಷ್‌ನಿಂದ ಬರುವ ಬಯೊಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಶೇ. 1ನ್ನೂ ಮೀರುತ್ತದೆ. ಎಂಜಿನ್ ತಯಾರಕರು ಕೇಳುವುದು ಸಾಮಾನ್ಯವಾಗಿ ಕೆಲವು ನೂರು ಪಿಪಿಎಂ ಒಳಗೆ. ಸ್ಕ್ರಬ್ಬರ್ ಕೈಕೊಟ್ಟ ದಿನ ಗಂಧಕದ ಆಮ್ಲ ಎಣ್ಣೆಯ ಕ್ಷಾರ ಶಕ್ತಿಯನ್ನು ತಿನ್ನುತ್ತದೆ, ತಾಮ್ರದ ಭಾಗಗಳನ್ನು ಕಪ್ಪಾಗಿಸುತ್ತದೆ. ಆ ಗ್ಯಾಸ್ ಎಂಜಿನ್ ರೂಮಿನ ಗಾಳಿಗೆ ಸೋರಿದರಂತೂ ಇಗ್ನಿಷನ್ ವೈರಿನ ಕನೆಕ್ಟರ್‌ಗಳ ಒಳಗೆ ಕಿಟ್ಟ ಹಿಡಿಸುತ್ತದೆ. ಕಾರಣ ತಿಳಿಯದೆ ಕಾಯಿಲ್ ಮೇಲೆ ಕಾಯಿಲ್ ಬದಲಿಸುವ ಕಡೆ ಒಮ್ಮೆ ಪಿನ್ನುಗಳನ್ನು ಬಿಚ್ಚಿ ನೋಡಿ. ಹೈಡ್ರೋಜನ್ ಸಲ್ಫೈಡ್ ಮನುಷ್ಯನಿಗೂ ವಿಷ. ವಾಸನೆ ಬರುತ್ತಿಲ್ಲ ಎಂದು ನಂಬುವಂತಿಲ್ಲ, ಹೆಚ್ಚು ಪ್ರಮಾಣದಲ್ಲಿ ಅದು ಮೂಗನ್ನೇ ಮರಗಟ್ಟಿಸುತ್ತದೆ. ಮೀಟರ್ ಇಲ್ಲದೆ ಅಂಥ ರೂಮಿಗೆ ಹೋಗಬಾರದು.

ಕಟ್ಟಿಗೆಯ ಗ್ಯಾಸಿನಲ್ಲಿ ಟಾರು ಮತ್ತು ಧೂಳಿನ ಕಾಟ. ಅದರಲ್ಲಿರುವ ಹೈಡ್ರೋಜನ್‌ನಿಂದಾಗಿ ಉರಿ ಸುಲಭವಾಗಿ ಹತ್ತುತ್ತದೆ, ಆದರೆ ತೊಳೆಯುವ ವ್ಯವಸ್ಥೆ ಸಡಿಲವಾದರೆ ಅಂಟು ಮಸಿ ಪ್ಲಗ್ಗಿನ ಮೂಗಿಗೆ ಕಟ್ಟಿ ಕರೆಂಟ್ ಸೋರುತ್ತದೆ. ಇಂಧನ ಬದಲಿಸಿ ಟೈಮಿಂಗ್ ಬದಲಿಸದಿದ್ದರೂ ಅಪಾಯವಿದೆ. ಬಯೊಗ್ಯಾಸಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಉರಿಯನ್ನು ನಿಧಾನಗೊಳಿಸುವುದರಿಂದ ಕಿಡಿಯನ್ನು ಸ್ವಲ್ಪ ಮುಂಚೆ ಇಟ್ಟಿರುತ್ತಾರೆ. ಬಯೊಗ್ಯಾಸ್ ಸಾಲದೆ ಅದೇ ಎಂಜಿನ್‌ಗೆ ಕೊಳವೆಯ ಗ್ಯಾಸ್ ಕೊಟ್ಟು ಟೈಮಿಂಗ್ ಹಾಗೇ ಬಿಟ್ಟರೆ ನಾಕ್ ಶುರುವಾಗುತ್ತದೆ. ಒಡೆದ ಪಿಂಗಾಣಿಯನ್ನು ಹಿಡಿದು "ಪ್ಲಗ್ ಡೂಪ್ಲಿಕೇಟ್" ಎನ್ನುವ ಮುನ್ನ ಆ ವಾರ ಯಾವ ಗ್ಯಾಸ್ ಓಡಿತ್ತು ಎಂದು ಕೇಳಬೇಕು.

ಎಣ್ಣೆಯ ಪಾತ್ರ ಕಡಿಮೆಯದಲ್ಲ. ಗ್ಯಾಸ್ ಎಂಜಿನ್‌ಗೆ ಬೂದಿ ಕಡಿಮೆ ಇರುವ, ಶೇ. 0.5ರ ಸುಮಾರಿನ ಎಣ್ಣೆ ಇದೆ. ಸ್ಟೋರಿನಲ್ಲಿ ಇತ್ತು ಎಂದು ಡೀಸೆಲ್ ಎಂಜಿನ್ ಎಣ್ಣೆ ಸುರಿದರೆ ಅದರಲ್ಲಿರುವ ಹೆಚ್ಚಿನ ಕ್ಯಾಲ್ಸಿಯಂ, ಸತು ಬೂದಿಯಾಗಿ ಪ್ಲಗ್ಗಿಗೆ ಅಂಟುತ್ತದೆ. ಬೂದಿ ಪ್ಲಗ್ಗಿನ ಒಂದೇ ಪಕ್ಕಕ್ಕೆ ಕಟ್ಟಿದ್ದರೆ ವಾಲ್ವ್ ಗೈಡ್ ಸವೆದು ಎಣ್ಣೆ ಇಳಿಯುತ್ತಿದೆ ಎಂದು ಅನುಮಾನಿಸಬಹುದು. ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿಸುವುದರಿಂದಲೂ ಹೀಗಾಗುತ್ತದೆ: ಇನ್‌ಟೇಕ್‌ನಲ್ಲಿ ಒತ್ತಡ ತಗ್ಗಿ ಎಣ್ಣೆಯನ್ನು ಗೈಡ್ ಮೂಲಕ ಎಳೆದುಕೊಳ್ಳುತ್ತದೆ. ದೊಡ್ಡ ಸೆಟ್ ತಂದು ಚಿಕ್ಕ ಲೋಡ್ ಕೊಡುವ ಅಭ್ಯಾಸಕ್ಕೆ ಪ್ಲಗ್‌ಗಳೂ ಬೆಲೆ ತೆರುತ್ತವೆ.

ಕೂರಿಸುವ ಕೆಲಸದ ಬಗ್ಗೆ ಹೇಳಲೇಬೇಕಾದ ಮಾತು ಒಂದಿದೆ. ಪ್ಲಗ್ಗಿನ ಬಿಸಿ ಬಹುಪಾಲು ಇಳಿಯುವುದು ಸೀಟು ಮತ್ತು ಥ್ರೆಡ್ ಮೂಲಕ ಸಿಲಿಂಡರ್ ಹೆಡ್ಡಿಗೆ. ಪ್ಲಗ್ಗಿನ ಮೂಗು ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಉಳಿಯುತ್ತದೆ. 850 ದಾಟಿದರೆ ಮೂಗೇ ಕೆಂಡವಾಗಿ ಅಕಾಲದಲ್ಲಿ ಗ್ಯಾಸ್ ಹೊತ್ತಿಸುತ್ತದೆ. ಸೀಟಿನಲ್ಲಿ ಹಳೆ ವಾಷರ್ ಉಳಿದಿದ್ದರೆ, ಕಸ ಕೂತಿದ್ದರೆ, ಬಿಗಿ ಸಾಲದಿದ್ದರೆ ಬಿಸಿ ಇಳಿಯಲು ದಾರಿಯಿಲ್ಲ, ಪ್ಲಗ್ ಬೇಯುತ್ತದೆ. ಅತಿಯಾಗಿ ಬಿಗಿದರೆ ಲೋಹದ ಕವಚ ಹಿಗ್ಗಿ ಒಳಗಿನ ಸೀಲ್ ಸಡಿಲಾಗುತ್ತದೆ. ಕೈಯಂದಾಜು ಎಷ್ಟೇ ಪಳಗಿದ್ದರೂ ಇಲ್ಲಿ ಟಾರ್ಕ್ ವ್ರೆಂಚೇ ಬೇಕು, ಎಂಜಿನ್ ತಣಿದಿರಬೇಕು. ಹೊಸ ಪ್ಲಗ್ ಪೆಟ್ಟಿಗೆಯಿಂದ ಬಂದಿದೆ ಎಂದು ಗ್ಯಾಪ್ ಅಳೆಯದೆ ಹಾಕಬಾರದು. ಇರಿಡಿಯಂ ತುದಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ ಮತ್ತೆ ಬಳಸುವುದು ಉಳಿತಾಯವಾಗದು. ತುದಿ ಕಿತ್ತು ಬರುತ್ತದೆ, ಬ್ರಷ್ಷಿನ ಲೋಹ ಪಿಂಗಾಣಿಗೆ ಅಂಟಿ ಕರೆಂಟಿಗೆ ದಾರಿಯಾಗುತ್ತದೆ.

ಕ್ಯಾಪು, ವೈರುಗಳಿಗೆ ಬಿಸಿಯೂ ಓಜೋನೂ ಶತ್ರು. ಗಟ್ಟಿಯಾದ ರಬ್ಬರ್, ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ, ಕ್ಯಾಪಿನೊಳಗೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಪ್ಲಗ್ಗನ್ನೂ ಕ್ಯಾಪನ್ನೂ ಜತೆಗೇ ಬದಲಿಸಬೇಕು. ಒಂದನ್ನು ಉಳಿಸಿದರೆ ಅದರ ಗೆರೆ ಹೊಸದರ ಮೇಲೂ ಮೂಡುತ್ತದೆ. ಕ್ಯಾಪ್ ಒಳಗೆ ಕೈ ಬೆವರು, ಎಣ್ಣೆ ತಾಗದಂತೆ ಒರೆಸಿ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚುವುದು ಚಿಕ್ಕ ಕೆಲಸ, ಫಲ ದೊಡ್ಡದು. ವೆಲ್ಡಿಂಗ್ ಮಾಡುವಾಗ ಇಗ್ನಿಷನ್ ಪೆಟ್ಟಿಗೆಯ ಕನೆಕ್ಷನ್ ಬಿಚ್ಚದೆ ಅದರ ಎಲೆಕ್ಟ್ರಾನಿಕ್ಸ್ ಸುಡುವುದೂ, 24 ವೋಲ್ಟ್ ಚಾರ್ಜರ್ ಸೊರಗಿ ಎಲ್ಲ ಸಿಲಿಂಡರಿನ ಕಿಡಿಯೂ ಒಟ್ಟಿಗೆ ಮಂಕಾಗುವುದೂ ಆಗಾಗ ಆಗುವಂಥವು.

ಅಂಗಡಿ, ಮನೆಗಳ ಪುಟ್ಟ ಜನರೇಟರ್‌ಗಳದು ಬೇರೆ ಲೋಕ. ಕರೆಂಟ್ ಕೈಕೊಡುತ್ತಿದ್ದ ಕಾಲದಲ್ಲಿ ಊರೂರಿನ ಪೇಟೆಯಲ್ಲಿ ಗುಡುಗುತ್ತಿದ್ದ, ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಸೆಟ್‌ಗಳನ್ನು ಹಲವರು ನೆನೆಯುತ್ತಾರೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಿ ಕೆಲ ನಿಮಿಷ ಓಡಿಸಬೇಕೆಂಬ ನಿಯಮ ಮರೆತ ಕಡೆ ಪ್ಲಗ್ ಮಸಿ ಹಿಡಿದು ಮರುದಿನ ಹಗ್ಗ ಎಳೆದವರ ಭುಜ ಸೋಲುತ್ತಿತ್ತು. ಇವು ನಿಮಿಷಕ್ಕೆ 3000 ಸುತ್ತು ತಿರುಗುತ್ತವೆ. ಫ್ಲೈವೀಲಿನ ಆಯಸ್ಕಾಂತ ಕಾಯಿಲ್ ಮುಂದೆ ಹಾಯ್ದಾಗಲೆಲ್ಲ ಕಿಡಿ, ಅಂದರೆ ಪ್ರತಿ ಸುತ್ತಿಗೂ ಒಂದು. ಅರ್ಧದಷ್ಟು ಕಿಡಿ ಹೊಗೆ ಹೊರಹೋಗುವ ಹೊತ್ತಿನಲ್ಲಿ ವ್ಯರ್ಥ. ಇಲ್ಲಿ ಕಾಯಿಲ್ ಮೇಲೆ ಹೊರಿಸುವ ಆರೋಪದ ಬಹುಪಾಲು ಸುಳ್ಳು. ಎಣ್ಣೆ ಕಡಿಮೆಯಾದರೆ ಎಂಜಿನ್ ನಿಲ್ಲಿಸುವ ಸ್ವಿಚ್ ಕ್ರ್ಯಾಂಕ್‌ಕೇಸ್ ಒಳಗಿರುತ್ತದೆ. ಅದು ಪ್ರೈಮರಿ ತಂತಿಯನ್ನು ಬಾಡಿಗೆ ಅರ್ಥ್ ಮಾಡಿ ಕಿಡಿ ತಡೆಯುತ್ತದೆ. ಎಣ್ಣೆ ಕಡಿಮೆಯಿದ್ದಾಗ, ಸೆಟ್ ವಾಲಿ ನಿಂತಾಗ, ಸ್ವಿಚ್ಚೇ ಕೆಟ್ಟಾಗ ಕಿಡಿ ಇಲ್ಲ. ಮೊದಲು ಎಣ್ಣೆ ಕಡ್ಡಿ ತೆಗೆದು ನೋಡಿ, ಆಮೇಲೆ ಆ ಸ್ವಿಚ್ಚಿನ ತಂತಿ ಬಿಡಿಸಿ ಕಿಡಿ ಬರುವುದೇ ಪರೀಕ್ಷಿಸಿ. ತುಕ್ಕು ಹಿಡಿದ ಫ್ಲೈವೀಲ್, ಕಾಯಿಲ್‌ಗೂ ಅದಕ್ಕೂ ನಡುವೆ ಅರ್ಧ ಮಿಲಿಮೀಟರಿಗೂ ಹೆಚ್ಚಿದ ಅಂತರ, ಒಳಗೆ ತುಂಡಾದ ಫ್ಲೈವೀಲ್ ಕೀ, ಇವೆಲ್ಲ ನೋಡಿದ ಮೇಲೆ ಕಾಯಿಲ್ ಸರದಿ.

ದೊಡ್ಡ ಎಂಜಿನ್‌ನಲ್ಲಿ ಪತ್ತೆ ಕೆಲಸ ಒಂದು ಪ್ರಶ್ನೆಯಿಂದ ಶುರುವಾಗಬೇಕು: ತೊಂದರೆ ಒಂದೇ ಸಿಲಿಂಡರಿನದೋ, ಎಲ್ಲದರದೋ? ಎಲ್ಲ ಪ್ಲಗ್‌ಗಳೂ ಒಂದೇ ತೆರನಾಗಿ ಬೇಗ ಸವೆದಿದ್ದರೆ ಕಾರಣ ಎಲ್ಲಕ್ಕೂ ಸಮಾನವಾದದ್ದು: ಗ್ಯಾಸ್, ಮಿಶ್ರಣ, ಟೈಮಿಂಗ್, ಕಿಡಿಯ ಶಕ್ತಿ, ಎಣ್ಣೆ. ಒಂದೇ ಸಿಲಿಂಡರ್ ಆದರೆ ಅಲ್ಲಿನ ಕಾಯಿಲ್, ವೈರ್, ಸೀಟು, ವಾಲ್ವ್. ಸಿಲಿಂಡರ್‌ವಾರು ಹೊಗೆಯ ಉಷ್ಣತೆ ಇದಕ್ಕೆ ಒಳ್ಳೆಯ ಕನ್ನಡಿ. ಮಿಸ್ ಹೊಡೆಯುವ ಸಿಲಿಂಡರ್ ನೆರೆಯವಕ್ಕಿಂತ ತಣ್ಣಗಿರುತ್ತದೆ. ಈಗಿನ ಇಗ್ನಿಷನ್ ಪೆಟ್ಟಿಗೆಗಳು ಪ್ರೈಮರಿ ಅಲೆಯಿಂದ ಪ್ರತಿ ಸಿಲಿಂಡರಿನ ವೋಲ್ಟೇಜ್ ಬೇಡಿಕೆಯನ್ನು ಅಂದಾಜಿಸಿ ತೋರಿಸುತ್ತವೆ. ಆ ಅಂಕಿಯನ್ನು ಪ್ಲಗ್ ಹಾಕಿದ ದಿನದಿಂದ ಬರೆದಿಟ್ಟರೆ ಏರುವ ಗೆರೆ ಕಣ್ಣಿಗೆ ಕಾಣುತ್ತದೆ. ಮೆಲ್ಲಗೆ ಏರಿದರೆ ಸಹಜ ಸವೆತ. ಥಟ್ಟನೆ ಏರಿದರೆ ತುದಿ ಮುರಿದಿದೆ ಅಥವಾ ವೈರ್ ಬಿಟ್ಟಿದೆ. ಥಟ್ಟನೆ ಕುಸಿದರೆ ಕಿಡಿ ಬೇರೆಲ್ಲೋ ಇಳಿಯುತ್ತಿದೆ.

ಈ ಸೌಲಭ್ಯ ಇಲ್ಲದ ಕಡೆ ಹಳೆಯ ಅದಲುಬದಲು ವಿಧಾನವೇ ಗಟ್ಟಿ. ಎಂಜಿನ್ ನಿಲ್ಲಿಸಿ ಅನುಮಾನದ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ. ತೊಂದರೆ ಅದರ ಜತೆ ಹೋದರೆ ಕಾಯಿಲ್, ಇದ್ದಲ್ಲೇ ಉಳಿದರೆ ಬೇರೆ. ಒಮ್ಮೆಗೆ ಒಂದೇ ಭಾಗ ಬದಲಿಸಬೇಕು. ಪ್ಲಗ್, ವೈರ್, ಕಾಯಿಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಎಂಜಿನ್ ಓಡುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ. ರಾತ್ರಿ ದೀಪ ಆರಿಸಿ, ತಿರುಗುವ ಭಾಗಗಳಿಂದ ದೂರ ನಿಂತು ನೋಡಿದರೆ ಸೋರುವ ವೈರ್ ನೀಲಿ ಮಿನುಗು ತೋರಿಸುತ್ತದೆ. ಎಂಜಿನ್ ಓಡುವಾಗ ವೈರ್ ಕಿತ್ತು ಪರೀಕ್ಷಿಸುವುದನ್ನು ಮಾತ್ರ ಬಿಟ್ಟೇಬಿಡಬೇಕು. ಕಿಡಿಗೆ ದಾರಿ ಸಿಗದೆ ಕಾಯಿಲ್ ಒಳಗೇ ಸೀಳುತ್ತದೆ, ಉರಿಯದ ಗ್ಯಾಸ್ ಸೈಲೆನ್ಸರಿನಲ್ಲಿ ಸೇರಿ ಸಿಡಿಯಬಹುದು, ಹಿಡಿದವರ ಜೀವಕ್ಕೂ ಅಪಾಯ.

ಎಂಜಿನ್ ರೂಮಿನ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು. ಬಿಚ್ಚಿದ ಪ್ಲಗ್‌ಗಳನ್ನು ಗುಜರಿ ಡಬ್ಬಕ್ಕೆ ಎಸೆಯಬೇಡಿ. ಸಿಲಿಂಡರ್ ನಂಬರಿನ ಕ್ರಮದಲ್ಲಿ ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದರ ಗ್ಯಾಪ್ ಅಳೆದು, ಓಡಿದ ಗಂಟೆ, ಆ ಅವಧಿಯ ಗ್ಯಾಸ್, ಎಣ್ಣೆಯ ಬ್ಯಾಚ್ ಜತೆಗೆ ಲಾಗ್ ಬುಕ್‌ನಲ್ಲಿ ಬರೆಯಿರಿ, ಫೋಟೊ ತೆಗೆದಿಡಿ. ಮುಂದಿನ ಕಾಯಿಲ್‌ಗೆ ಆರ್ಡರ್ ಹಾಕುವ ಮುನ್ನ ಆ ಪುಟ ತೆರೆದು ನೋಡಿ.